ಅನ್ನಪೂರ್ಣವ್ವನ ಹಿತ್ತಲಿನ ದೋಣಿ

ಮುಂಡರಗಿಯ ಕಾಳಿನ ವ್ಯಾಪಾರಿ ದೇವೇಂದ್ರಪ್ಪನ ಮನೆಗೆ ಹೊಳೆಯಿಂದ ದೋಣಿ ಬಂದದ್ದು ಎರಡು ಚಕ್ಕಡಿಗಳ ಮೇಲೆ. ಒಂದರ ಮೇಲೆ ಮೂತಿ, ಇನ್ನೊಂದರ ಮೇಲೆ ಹಿಂಭಾಗ. ಹೊಳೆ ಇರುವುದು ಕೊರ್ಲಹಳ್ಳಿಯಲ್ಲಿ, ಊರಿನಿಂದ ದೂರ. ಅಲ್ಲಿಂದ ಎರಿಮಣ್ಣಿನ ದಾರಿ ಹಿಡಿದು ಬಂದ ದೋಣಿಯನ್ನು ನೋಡಲು ಬಾಗಿಲು ಬಾಗಿಲಿಗೆ ಮಂದಿ ನಿಂತರು. ಆ ಶ್ರಾವಣದಲ್ಲಿ ಈ ದೋಣಿ ತುಂಬಿದ ತುಂಗಭದ್ರೆಯಲ್ಲಿ ಮುಳುಗಿ ಏಳು ಜನ ಸತ್ತಿದ್ದರು. ಅವರಲ್ಲಿ ಒಬ್ಬ ದೇವೇಂದ್ರಪ್ಪನ ಒಬ್ಬನೇ ಮಗ ಕೊಟ್ರಪ್ಪ.

ಕೊಟ್ರಪ್ಪನ ಹೆಂಡತಿ ಅನ್ನಪೂರ್ಣವ್ವ ಆಗ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಇಪ್ಪತ್ತೆರಡು ವರ್ಷದವಳು, ಮಕ್ಕಳಿಲ್ಲ. ದೋಣಿ ಹಿತ್ತಲಿಗೆ ಇಳಿಯುವುದನ್ನು ಕೊನೆಯವರೆಗೂ ನೋಡಿ, ಒಲೆಯ ಮುಂದೆ ಹೋಗಿ ಕುಳಿತಳು.

ಅದು ಸ್ವಾತಂತ್ರ್ಯ ಬಂದ ಮರುವರ್ಷ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ಮುಂಡರಗಿಯಿಂದ ಮೂಡಲಿಗೆ ಸ್ವಲ್ಪ ನಡೆದರೆ ಇನ್ನೂ ನಿಜಾಮನ ಸೀಮೆ. ಅಲ್ಲಿ ರಜಾಕಾರರ ಹಾವಳಿಗೆ ಹೆದರಿ ಊರು ಬಿಟ್ಟವರು ಗಂಟುಮೂಟೆ ಹೊತ್ತು ಮುಂಡರಗಿಗೆ ಬರುತ್ತಿದ್ದರು. ಊರ ಹೊರಗೆ ಡೇರೆ ಹಾಕಿ ಅವರನ್ನು ಇಟ್ಟಿದ್ದರು. ಹೊಳೆಯ ಆಚೆ ದಂಡೆ ಮದ್ರಾಸ್ ಇಲಾಖೆಗೆ ಸೇರಿತ್ತು. ಆ ಕಡೆ ಬೀಗರು ನೆಂಟರು ಇದ್ದವರನ್ನು ದಾಟಿಸಬೇಕಾಗಿತ್ತು. ಮಳೆಗಾಲದ ಹೊಳೆಗೆ ಹರಗೋಲು ತಡೆಯುವುದಿಲ್ಲ, ಬುಗುರಿಯ ಹಾಗೆ ತಿರುಗುತ್ತದೆ. ಆ ಸುತ್ತಿಗೆಲ್ಲ ಹಾಯಿ ಕಟ್ಟುವ ದೊಡ್ಡ ದೋಣಿ ಇದ್ದದ್ದು ದೇವೇಂದ್ರಪ್ಪನದೊಂದೇ. ಅವನ ತಂದೆ ಹತ್ತಿ, ಶೇಂಗಾ ಸಾಗಿಸಲೆಂದು ಕರಾವಳಿಯ ಬಡಿಗರನ್ನು ಕರೆಸಿ ಸಾಗವಾನಿಯಲ್ಲಿ ಕಟ್ಟಿಸಿದ್ದು. ದೇವೇಂದ್ರಪ್ಪ ಅದನ್ನು ಶಿಬಿರದ ಸೇವೆಗೆ ಬಿಟ್ಟುಕೊಟ್ಟ. ಕೊಟ್ರಪ್ಪ ತಾನೇ ದೋಣಿಯಲ್ಲಿ ನಿಂತು ಮಂದಿಯನ್ನು ಹತ್ತಿಸುತ್ತಿದ್ದ, ಇಳಿಸುತ್ತಿದ್ದ. ಚುಕ್ಕಾಣಿ ಹಿಡಿಯುತ್ತಿದ್ದವನು ಲಕ್ಷ್ಮಪ್ಪ, ತಲೆತಲಾಂತರದಿಂದ ಕೊರ್ಲಹಳ್ಳಿಯ ದೋಣಿಕಟ್ಟೆಯ ಅಂಬಿಗ.

ದೋಣಿ ಮುಳುಗಿದ ದಿನ ಲಕ್ಷ್ಮಪ್ಪ ಈಜಿ ದಂಡೆ ಸೇರಿದ. ಅವನು ಬದುಕಿದ್ದೇ ಅವನ ಮೇಲಿನ ಅಪವಾದವಾಯಿತು. ಕುಡಿದಿದ್ದ ಅಂದರು ಕೆಲವರು. ನಿಜಾಮನ ಕಡೆಯವರಿಗೆ ಮಾರಿಕೊಂಡು ತಾನೇ ಹಲಗೆ ಕಿತ್ತ ಅಂದರು ಇನ್ನು ಕೆಲವರು. ಚಾವಡಿಯಲ್ಲಿ ದೇವೇಂದ್ರಪ್ಪ ಎಲ್ಲರ ಮುಂದೆ, "ಅಂಬಿಗ ಬದುಕ್ಯಾನ, ನನ್ನ ಮಗ ಸತ್ತಾನ. ಇದರಾಗ ನಾ ಮತ್ತೇನ ಹೇಳೂದೈತಿ?" ಅಂದ. ಅಷ್ಟೇ ಸಾಕಾಯಿತು. ಲಕ್ಷ್ಮಪ್ಪನಿಗೆ ಹೊಡೆದರು, ಕಟ್ಟೆಯಿಂದ ಎಬ್ಬಿಸಿದರು. ಅವನು ಹೆಂಡತಿಯನ್ನು ಕರೆದುಕೊಂಡು ಎಲ್ಲಿಗೋ ಹೋದ. ಅನ್ನಪೂರ್ಣವ್ವನೂ ಆ ಮಾತನ್ನು ನಂಬಿದಳು. ನಂಬದೆ ಬೇರೆ ದಾರಿಯೂ ಕಾಣಲಿಲ್ಲ.

ಕೊಟ್ರಪ್ಪನ ಫೋಟೋ ಶಿಬಿರದ ಕಮಿಟಿಯ ಕೋಣೆಯಲ್ಲಿ ಗೋಡೆಯೇರಿತು. ನಿಜಾಮನ ಸೀಮೆ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿ, ಡೇರೆಗಳು ಖಾಲಿಯಾದವು. ಫೋಟೋಕ್ಕೆ ಮಾತ್ರ ಪ್ರತಿ ವರ್ಷ ಆಗಸ್ಟಿನಲ್ಲಿ ಹಾರ ಬೀಳುತ್ತಿತ್ತು.

ದೋಣಿ ಹಿತ್ತಲಲ್ಲಿ ಬಿತ್ತು. ನೀರಿಗೆ ಬರುವ ಹೆಂಗಸರು ಅದಕ್ಕೆ ಹೆಣದ ದೋಣಿ ಅಂತ ಹೆಸರಿಟ್ಟರು. ಒಬ್ಬರು ಅದರ ಹಲಗೆಯಿಂದ ದನಗಳಿಗೆ ಮೇವು ಹಾಕುವ ಗ್ವಾದಲಿ ಮಾಡಿಕೊಳ್ಳುತ್ತೇವೆಂದು ಕೇಳಿದರು, ದೇವೇಂದ್ರಪ್ಪ ಕೊಡಲಿಲ್ಲ. ಸುಡುವುದಕ್ಕೂ ಬಿಡಲಿಲ್ಲ, ಮುಟ್ಟುವುದಕ್ಕೂ ಬಿಡಲಿಲ್ಲ. ಮಗನ ನೆನಪಿಗೆ ಇಟ್ಟುಕೊಂಡಿದ್ದಾನೆ ಅಂದುಕೊಂಡಿತು ಊರು.

ಎರಡು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಅನ್ನಪೂರ್ಣವ್ವ ದೋಣಿಯೊಳಗೆ ಕೋಳಿ ಇಟ್ಟ ತತ್ತಿ ಹುಡುಕಲು ಹೋದಳು. ಪಕ್ಕದ ಮನೆಯ ಕೋಳಿ, ಇವರದು ಲಿಂಗವಂತರ ಮನೆ, ತತ್ತಿಯನ್ನು ಕೂಡಲೇ ಆಚೆ ಕಳಿಸಬೇಕು. ಬಗ್ಗಿ ನೋಡಿದರೆ ಬಿಸಿಲಿಗೆ ಹಲಗೆ ಒಣಗಿ ಬಾಯಿಬಿಟ್ಟಿತ್ತು. ಅವಳ ತವರು ಹೊಳೆದಂಡೆಯ ಹಮ್ಮಿಗಿ. ಅಲ್ಲಿ ಬೇಸಿಗೆಯಲ್ಲಿ ದೋಣಿಯನ್ನು ದಂಡೆಗೆ ಎಳೆದರೆ ಮೇಲೆ ಹಸಿ ಗೋಣಿಚೀಲ ಹೊದಿಸಿ ನೀರು ಹನಿಸುತ್ತಿದ್ದರು, ಕಟ್ಟಿಗೆ ಸೀಳಬಾರದೆಂದು. ಅವಳು ಬಾವಿಯಿಂದ ಒಂದು ಕೊಡ ನೀರು ತಂದು ಹಲಗೆಯ ಮೇಲೆ ಸುರಿದಳು. ಕಟ್ಟಿಗೆ ಅದನ್ನು ಚರ್ ಅಂತ ಕುಡಿದುಬಿಟ್ಟಿತು. ಮರುದಿನ ಮತ್ತೆ ಸುರಿದಳು. ಹದಿನೈದು ದಿನಕ್ಕೆ ಗೋಣಿಚೀಲವೂ ಬಂತು. ಆಮೇಲೆ ಒಂದು ಹಳೆಯ ಉಳಿ ಹುಡುಕಿ ಒಳಗಿನ ಹಳೇ ಡಾಂಬರು ಹೆರೆಯತೊಡಗಿದಳು.

ದೇವೇಂದ್ರಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದ, "ಏನ ಮಾಡಾಕ ಹತ್ತಿ ತಂಗಿ?"

"ಹಲಗಿ ಸೀಳಾಕ ಹತ್ಯಾವ್ರಿ ಮಾವಾರ. ರಿಪೇರಿ ಮಾಡಿದ್ರ ಹೊಳಿಗೆ ಬಿಡಬಹುದು."

"ನಿನ್ನ ಗಂಡನ್ನ ತಿಂದ ದೋಣಿ ಅದು."

"ಅದು ಇಷ್ಟು ವರ್ಷ ಎಷ್ಟು ಮಂದಿನ್ನ ದಂಡಿಗೆ ಹಚ್ಚೇತ್ರಿ. ಒಂದು ದಿನ ಹಚ್ಚಲಿಲ್ಲ. ಹಿಂಗ ಹಿತ್ತಲದಾಗ ಬಿದ್ದು ಹೆಣದ ದೋಣಿ ಅನಿಸ್ಕೊಳ್ಳೂದು ನನಗ ಕೇಳಾಕ ಆಗವಲ್ದು."

ಅವನು ಬಂದು ದೋಣಿಯ ಅಂಚು ಹಿಡಿದು ಒಳಗೆ ಇಣುಕಿದ. ಕಡೆಗೆ, "ಒಳಗಷ್ಟ ಏನರ ಮಾಡ್ಕೊ. ಮಗಚಬ್ಯಾಡ," ಅಂದ. ಮಗುಚಿದ ದೋಣಿ ಅಪಶಕುನವೆಂದು ಹಾಗೆ ಅಂದಿರಬೇಕು ಅಂದುಕೊಂಡಳು ಅನ್ನಪೂರ್ಣವ್ವ.

ಅವಳ ಜೊತೆ ಕೈಹಾಕಿದವಳು ಹಿಂದಿನ ಓಣಿಯ ಗುಲಾಬಬಿ. ಕೌದಿ ಹೊಲಿಯುವುದರಲ್ಲಿ ಅವಳಂಥವಳು ಊರಲ್ಲಿರಲಿಲ್ಲ. ಅವಳ ಗಂಡ ಮಹಬೂಬಸಾಬ ದರ್ಜಿ. ರಜಾಕಾರರ ಗದ್ದಲದ ವರ್ಷ, ಏನೂ ಮಾಡದ ಅವನನ್ನೂ ಮಂದಿ ಓರೆಗಣ್ಣಿನಿಂದ ನೋಡಿದ್ದರು. ಮೂರು ತಿಂಗಳು ಒಬ್ಬರೂ ಅವನ ಕೈಗೆ ಅರಿವೆ ಕೊಟ್ಟಿರಲಿಲ್ಲ. ಗುಲಾಬಬಿ ಆ ಮಾತು ಎತ್ತುತ್ತಿರಲಿಲ್ಲ. ಮಧ್ಯಾಹ್ನ ಬಂದು ಕುಳಿತು, ಪುಂಡಿನಾರನ್ನು ಹೊಸೆದು ಹಲಗೆಗಳ ಸಂದಿಗೆ ತುಂಬುವಷ್ಟು ಹುರಿ ಮಾಡಿ ಕೊಡುತ್ತಿದ್ದಳು. ಅನ್ನಪೂರ್ಣವ್ವ ಅದನ್ನು ಎಣ್ಣೆಯಲ್ಲಿ ಅದ್ದಿ ಉಳಿಯ ತುದಿಯಿಂದ ಸಂದಿಯೊಳಗೆ ಒತ್ತುತ್ತಿದ್ದಳು, ಮೇಲೆ ಕಾಸಿದ ರಾಳ ಹಚ್ಚುತ್ತಿದ್ದಳು. ಬೆರಳು ಸುಟ್ಟುಕೊಂಡು, ಉಗುರು ಕರ್ರಗೆ ಮಾಡಿಕೊಂಡು ಒಂದು ವರ್ಷ ಹೀಗೇ ನಡೆಯಿತು. ಆ ವರ್ಷ ಅವಳಿಗೆ ನಿದ್ದೆ ಸರಿಯಾಗಿ ಬರಲಾರಂಭಿಸಿತ್ತು ಅನ್ನುತ್ತಾರೆ. ಬಡಿಗೇರ ಯಂಕಪ್ಪನೂ ಮೊದಲು ಹೆಣದ ದೋಣಿ ಮುಟ್ಟುವುದಿಲ್ಲ ಅಂದವನು, ಕಡೆಗೆ ಬಂದು ದೋಣಿಯ ಮುರಿದ ಪಕ್ಕೆಲುಬುಗಳಿಗೆ ಕರಿಜಾಲಿಯ ಕಟ್ಟಿಗೆ ಕೂಡಿಸಿಕೊಟ್ಟ.

"ಒಳಗಿಂದ ಎಷ್ಟ ಮಾಡಿದ್ರೂ ಅಷ್ಟ ಐತ್ರಿ ಯವ್ವಾ," ಅಂದ ಯಂಕಪ್ಪ. "ತಳ ನೋಡಲಾರದ ಹೊಳಿಗೆ ಬಿಡಾಕ ಬರೂದಿಲ್ಲ."

ದೇವೇಂದ್ರಪ್ಪ ಹತ್ತಿ ಮಾರಲು ಗದಗ-ಬೆಟಗೇರಿಗೆ ಹೋಗಿದ್ದ. ಅನ್ನಪೂರ್ಣವ್ವ ಮಾವನ ಅಡತಿ ಅಂಗಡಿಯ ಹಮಾಲರನ್ನು ಕರೆಸಿದಳು. ಅವರು ಕೂಗು ಹಾಕಿ ಎತ್ತಿ, ದೋಣಿಯನ್ನು ಕಲ್ಲುಗಳ ಮೇಲೆ ಬೋರಲು ಹಾಕಿದರು. ತಳದಲ್ಲಿ, ನಡುವಿನ ತೊಲೆಯ ಪಕ್ಕಕ್ಕೆ, ಒಂದು ತಗಡು ಇತ್ತು. ಸೀಮೆಎಣ್ಣೆಯ ಡಬ್ಬಿಯನ್ನು ಬಿಚ್ಚಿ ಚಪ್ಪಟೆ ಮಾಡಿ ಮೊಳೆ ಹೊಡೆದು ಡಾಂಬರು ಬಳಿದದ್ದು. ಅರ್ಧ ಕಿತ್ತು ಜೋಲುತ್ತಿತ್ತು. ಯಂಕಪ್ಪ ಉಳಿದರ್ಧವನ್ನು ಎಬ್ಬಿಸಿದ. ಒಳಗಿನ ಹಲಗೆ ಕೊಳೆತು, ಬೆರಳಿಗೆ ಹಿಟ್ಟಿನಂತೆ ಉದುರಿತು. ಕೈ ತೂರುವಷ್ಟು ತೂತು, ಒಳಗಿನಿಂದ ಗಟ್ಟಿಯಾದ ಹೂಳು ಮುಚ್ಚಿ ಇಷ್ಟು ದಿನ ಕಾಣದಿದ್ದದ್ದು.

"ಮುಳುಗಿದಾಗ ಆದದ್ದಲ್ರಿ ಇದು," ಅಂದ ಯಂಕಪ್ಪ, ತಲೆ ಎತ್ತದೆ. "ಮೊದಲ ಕೊಳತಿತ್ತು. ಯಾರೋ ಮುಚ್ಚ್ಯಾರ."

ಅನ್ನಪೂರ್ಣವ್ವ ಅಲ್ಲೇ ಮಣ್ಣಿನ ಮೇಲೆ ಕುಳಿತಳು. ಮಾವ ಯಾಕೆ ದೋಣಿಯನ್ನು ಕಟ್ಟೆಯಲ್ಲಿ ಬಿಡದೆ ಮನೆಗೆ ತರಿಸಿದ, ಯಾಕೆ ಮಗುಚಬೇಡ ಅಂದ, ಎಲ್ಲ ಒಟ್ಟಿಗೇ ಹೊಳೆಯಿತು. ಹೊಳೆದದ್ದನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಕೇಳಬೇಕಾದವನು ಒಬ್ಬನೇ ಇದ್ದ.

ಲಕ್ಷ್ಮಪ್ಪ ಲಕ್ಷ್ಮೇಶ್ವರದ ಕಡೆ ಅಡರಕಟ್ಟಿಯಲ್ಲಿ ರಸ್ತೆಯ ಕಲ್ಲು ಒಡೆಯುತ್ತಾನೆಂದು ಮಹಬೂಬಸಾಬನಿಗೆ ಗೊತ್ತಿತ್ತು. ಅನ್ನಪೂರ್ಣವ್ವ ಗುಲಾಬಬಿಯನ್ನು ಕರೆದುಕೊಂಡು ಬಸ್ಸು ಹತ್ತಿದಳು. ಅವನು ರಸ್ತೆಯಂಚಿನಲ್ಲಿ ಜಲ್ಲಿಯ ಗುಂಪಿಯ ಮುಂದೆ ಕುಳಿತಿದ್ದ. ಹೊಳೆಯ ಮನುಷ್ಯ, ಮೈಯೆಲ್ಲ ಕಲ್ಲುಧೂಳು. ಇವಳನ್ನು ನೋಡಿ ಎದ್ದು ನಿಂತ. ಹೊಡೆಯಲು ಯಾರಾದರೂ ಹಿಂದೆ ಬಂದಿದ್ದಾರೇನೋ ಎಂದು ದಾರಿಯ ಆ ತುದಿಯವರೆಗೆ ನೋಡಿದ.

"ತಗಡು ನೋಡಿದ್ನಿ," ಅಂದಳು ಅನ್ನಪೂರ್ಣವ್ವ.

ಅವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ.

"ಯಾರು ಹೊಡದದ್ದು ಲಕ್ಷ್ಮಪ್ಪಾ?"

"ಕೇಳಬ್ಯಾಡ್ರಿ ಸಾವಕಾರ್ತಿ."

"ಕೇಳಾಕ ಇಷ್ಟು ದೂರ ಬಂದೀನಿ."

"ಕೊಟ್ರಪ್ಪ ಸಾವಕಾರ್ರು," ಅಂದ ಅವನು. "ಮಳಿಗಾಲಕ್ಕ ಮೊದಲ ನಾ ದೊಡ್ಡ ಸಾವಕಾರ್ರಿಗೆ ಹೇಳಿದ್ದೆ, ತಳದ ಹಲಗಿ ಹೋಗೇತಿ, ಬದಲಿ ಮಾಡಬೇಕು ಅಂತ. ಶಿಬಿರದ ಮಂದಿ ಕಾಯಾಕ ಹತ್ಯಾರ, ಈಗ ದೋಣಿ ನಿಲ್ಲಿಸಿದ್ರ ಊರಾಗ ನನ್ನ ಮಾತೇನ ಉಳೀತು, ಈ ವರ್ಷ ಹ್ಯಾಂಗರ ನಡೀಲಿ ಅಂದ್ರು. ಸಣ್ಣ ಸಾವಕಾರ್ರು ಕೈಯಾರೆ ತಗಡು ಹೊಡದ್ರು. ನಾ ಡಾಂಬರ ಹಿಡದು ನಿಂತಿದ್ದೆ."

"ಚಾವಡ್ಯಾಗ ಯಾಕ ಹೇಳಲಿಲ್ಲ ನೀ?"

"ಹೇಳಿದ್ನಲ್ರಿ. ಸತ್ತಾವ್ರ ಮ್ಯಾಲ ಹೊರಸ್ತಾನ ಅಂತ ಬಾಯಿ ಮ್ಯಾಲ ಹೊಡದ್ರು." ಅವನು ತುಟಿಯೆತ್ತಿ ಮುರಿದ ಹಲ್ಲು ತೋರಿಸಿದ. ಆಮೇಲೆ ದನಿ ತಗ್ಗಿಸಿ ಹೇಳಿದ, "ಇನ್ನೊಂದು ಮಾತು ಯಾರಿಗೂ ಹೇಳಿಲ್ಲರಿ. ನಡುಹೊಳ್ಯಾಗ ನೀರು ಉಕ್ಕಿದಾಗ ಸಾವಕಾರ್ರಿಗೆ ಜಾಗಾ ಗೊತ್ತಿತ್ತು. ಸೀದಾ ಅಲ್ಲೇ ಹೋಗಿ, ಧೋತರ ಬಿಚ್ಚಿ ತೂತಿಗೆ ತುರುಕಿ ಅದರ ಮ್ಯಾಲ ಕುಂತ್ರು. ಹಾರ್ರಿ ಅಂತ ಒದರಿದೆ. ಮೊದಲ ದಂಡಿ ಹಿಡಿ ಲೇ ಅಂದ್ರು. ಕಡೀಗೂ ಏಳಲಿಲ್ಲ."

ಗುಲಾಬಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅನ್ನಪೂರ್ಣವ್ವ ಅಳಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ತನ್ನ ಕೈ ನೋಡಿಕೊಳ್ಳುತ್ತ ಕುಳಿತಿದ್ದಳಂತೆ. ಗಂಡನನ್ನು ದೇವರೆಂದು ನೆನೆಯುವುದೋ, ಉಳಿದ ಆರು ಜನರ ಸಾವಿಗೆ ಕಾರಣನೆಂದು ನೆನೆಯುವುದೋ, ಅವಳಿಗೆ ತಿಳಿಯಲಿಲ್ಲ. ಎರಡೂ ಖರೆಯಾಗಿದ್ದವು.

ದೇವೇಂದ್ರಪ್ಪ ಗದಗಿನಿಂದ ಬಂದು, ಬೋರಲು ಬಿದ್ದ ದೋಣಿಯನ್ನು ನೋಡಿ, ಪಡಸಾಲೆಯ ಜೋಕಾಲಿಯ ಮೇಲೆ ಕುಳಿತ. ಅನ್ನಪೂರ್ಣವ್ವ ತಗಡನ್ನು ತಂದು ಅವನ ಮುಂದಿಟ್ಟಳು.

"ಮಗಚಬ್ಯಾಡ ಅಂದಿದ್ದೆ," ಅಂದ.

"ನಿಮಗ ಗೊತ್ತಿತ್ತು."

"ಹೂಂ. ಗೊತ್ತಿತ್ತು." ಸಿಟ್ಟು ಬರಬಹುದೆಂದು ಅವಳು ತಯಾರಾಗಿ ಬಂದಿದ್ದಳು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಮಗನ್ನ ನಾನ ಕೊಂದೆ ಅಂತ ತಿಳಕೊಂಡು ಒಂದ ದಿನ ಬಾಳುವೆ ಮಾಡಾಕ ಆಗತಿತ್ತೇನ ನನಗ? ಅಂವ ಅಂಬಿಗ, ಎಲ್ಲೆರ ಹೊಟ್ಟಿ ಹೊರಕೋತಾನ ಅಂದ್ಕೊಂಡೆ."

"ಅಂವ ಅಡರಕಟ್ಟ್ಯಾಗ ಕಲ್ಲು ಒಡಿಯಾಕ ಹತ್ಯಾನ್ರಿ. ಹಲ್ಲು ಮುರದಾವ. ನೀವು ಚಾವಡಿಗೆ ಹೋಗಿ ಇದನ್ನ ಹೇಳ್ರಿ."

"ಹೇಳಿದ್ರ ಕೊಟ್ರನ ಫೋಟೋ ಇಳಸ್ತಾರ. ನಿನ್ನ ಗಂಡಂದು. ತಿಳೀತಿಲ್ಲೊ?"

"ತಿಳೀತೈತ್ರಿ."

"ತಿಳದೂ ಹೇಳು ಅಂತೀ?"

ಅವಳು ತಗಡನ್ನು ಎತ್ತಿಕೊಂಡು ಒಳಗೆ ಹೋದಳು. ದೇವೇಂದ್ರಪ್ಪ ಆ ವಾರ ಹೇಳಲಿಲ್ಲ, ಮುಂದಿನ ವಾರವೂ ಹೇಳಲಿಲ್ಲ. ಅವಳು ಕಾದಳು. ದೋಣಿಯ ಕೆಲಸ ನಿಂತೇಹೋಯಿತು. ಗುಲಾಬಬಿ ಬಂದರೂ ಅನ್ನಪೂರ್ಣವ್ವ ಬರಿದೇ ಕುಳಿತಿರುತ್ತಿದ್ದಳು. "ಅನ್ನಪೂರ್ಣಕ್ಕಾ, ಏನರ ಒಂದು ಮಾಡು, ಹಿಂಗ ಕುಂತ್ರ ಹುಚ್ಚ ಹಿಡಿತೈತಿ," ಅಂದಳು ಗುಲಾಬಬಿ. "ನಮ್ಮ ಮನಿಯವ್ರಿಗೆ ಆ ವರ್ಷ ಯಾರರ ಒಬ್ಬರು ಬಂದು, ಈ ಮನಶಾಂದು ಏನೂ ತಪ್ಪಿಲ್ಲ ಅಂತ ಓಣ್ಯಾಗ ನಿಂತು ಅಂದಿದ್ರ ಸಾಕಾಗಿತ್ತು ನೋಡು. ಯಾರೂ ಅನಲಿಲ್ಲ."

ಒಂದು ಸೋಮವಾರ ಚಾವಡಿಯಲ್ಲಿ ಹಿರಿಯರು ಕೂಡಿದ್ದಾಗ ಅನ್ನಪೂರ್ಣವ್ವ ತಲೆಯ ಮೇಲೆ ಸೆರಗು ಹೊದ್ದು, ತಗಡನ್ನು ಕಂಕುಳಲ್ಲಿ ಹಿಡಿದು ಹೋದಳು. ಹೆಂಗಸರು ಹತ್ತುವ ಕಟ್ಟೆಯಲ್ಲ ಅದು. ಕೆಳಗೇ ನಿಂತು ಹೇಳಿದಳು. ಯಾರು ಮೊಳೆ ಹೊಡೆದರು, ಯಾಕೆ ಹೊಡೆದರು, ಗಂಡ ಎಲ್ಲಿ ಕುಳಿತು ಸತ್ತ. ನಡುವೆ ಎರಡು ಸಲ ನೀರು ಕೇಳಿ ಕುಡಿದಳು. ದೇವೇಂದ್ರಪ್ಪ ಅಲ್ಲೇ ಹಿರಿಯರ ಸಾಲಿನಲ್ಲಿದ್ದ. ಒಬ್ಬರು ತಿರುಗಿ ಕೇಳಿದರು, "ಸಾವಕಾರ್ರ, ನಿಮ್ಮ ಸೊಸಿ ಹೇಳೂದು ಖರೆ ಏನ್ರಿ?"

ದೇವೇಂದ್ರಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಸ್ವಲ್ಪ ಹೊತ್ತಿಗೆ ಎದ್ದು ಬರಿದಲೆಯಲ್ಲೇ ಮನೆಯ ದಾರಿ ಹಿಡಿದ.

ಆಮೇಲೆ ಊರು ಎರಡಾಯಿತು. ನಂಬಿದವರು ನಂಬಿದರು. ಉಳಿದವರು ಗಂಡನಿಲ್ಲದ ಹೆಣ್ಣಿಗೆ ತಲೆ ಕೆಟ್ಟಿದೆ ಅಂದರು. ಅಂಬಿಗನ ಮೇಲೆ ಇವಳಿಗ್ಯಾಕೆ ಇಷ್ಟು ಕರುಣೆ ಅಂತ ಹೊಲಸು ಮಾತೂ ಹುಟ್ಟಿತು. ಕೊಟ್ರಪ್ಪನ ಜೊತೆ ಸತ್ತ ಆರು ಮಂದಿಯಲ್ಲಿ ಒಬ್ಬಳ ತಾಯಿ ಬಂದು ಮನೆಯ ಮುಂದೆ ನಿಂತು ಮಣ್ಣು ತೂರಿ ಶಾಪ ಹಾಕಿ ಹೋದಳು. ಆ ಶಾಪವನ್ನು ಅನ್ನಪೂರ್ಣವ್ವ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಆಗಸ್ಟಿನ ಹೊತ್ತಿಗೆ ಕಮಿಟಿಯ ಕೋಣೆಯ ಗೋಡೆಯಿಂದ ಫೋಟೋ ಕೆಳಗಿಳಿಯಿತು. ಯಾರೋ ಅದನ್ನು ಚೀಲದಲ್ಲಿ ಸುತ್ತಿ ತಂದು ಮನೆಯ ಮುಂದಿನ ಕಟ್ಟೆಯ ಮೇಲಿಟ್ಟು ಹೋಗಿದ್ದರು. ಅವತ್ತು ಅವಳು ಅತ್ತಳು. ಬಾಗಿಲು ಹಾಕಿಕೊಂಡು ಅಳುವ ದನಿ ಗುಲಾಬಬಿಯ ಮನೆಯವರೆಗೂ ಕೇಳಿತಂತೆ.

ಮಾವ ಸೊಸೆ ಒಂದೇ ಮನೆಯಲ್ಲಿ ಮಾತಿಲ್ಲದೆ ಉಳಿದರು. ಅವಳು ರೊಟ್ಟಿ ಬಡಿದು ಇಡುವುದು, ಅವನು ಉಂಡು ಎದ್ದು ಹೋಗುವುದು. ಹೀಗೆ ದೀಪಾವಳಿಯೂ ದಾಟಿತು. ಒಂದು ಮುಂಜಾನೆ ಅವಳು ಹಿತ್ತಲಿಗೆ ಬಂದಾಗ ದೋಣಿಯ ಪಕ್ಕ ಒಂದು ಹಲಗೆ ಇತ್ತು. ದಪ್ಪನೆಯ, ಅಗಲವಾದ, ಗಂಟಿಲ್ಲದ ಹಳೇ ಸಾಗವಾನಿ. ನಾಲ್ಕು ಮೂಲೆಗೆ ಸರಪಳಿ ಹಾಕುವ ತೂತು. ಪಡಸಾಲೆಗೆ ಓಡಿ ಹೋಗಿ ನೋಡಿದರೆ ತೊಲೆಯಿಂದ ಸರಪಳಿಗಳು ಬರಿದೇ ಇಳಿಬಿದ್ದಿದ್ದವು. ದೇವೇಂದ್ರಪ್ಪ ನೆಲದ ಮೇಲೆ ಚಾಪೆ ಹಾಕಿಕೊಂಡು ಕುಳಿತಿದ್ದ.

"ಯಂಕಪ್ಪಗ ಹೇಳು," ಅಂದ ಗೋಡೆ ನೋಡುತ್ತ. "ಇದರಾಗ ತಳದ ಹಲಗಿ ಹೊಂಡತೈತಿ."

ಆ ಮಾಗಿಯಲ್ಲೇ ಅವನು ತೀರಿಕೊಂಡ. ಲಕ್ಷ್ಮಪ್ಪನಿಗೆ ಹೇಳಿ ಕಳಿಸಿದ್ದ, ಅವನು ಬರಲಿಲ್ಲ.

ಯಂಕಪ್ಪ ಹಲಗೆಗೆ ಹಸಿ ಚೀಲ ಸುತ್ತಿ ಬೆಂಕಿಯ ಕಾವು ಕೊಟ್ಟು ಬಗ್ಗಿಸಿ ಕೂಡಿಸಿದ. ಗುಲಾಬಬಿ ಹಳೇ ಡೇರೆಯ ದಪ್ಪ ಬಟ್ಟೆ ಸಂಪಾದಿಸಿ, ಕೌದಿಯ ಹೊಲಿಗೆಯಲ್ಲೇ ಎರಡೆರಡು ಪದರು ಹಾಕಿ ಹಾಯಿ ಹೊಲಿದಳು. ಕಪ್ಪತ್ತಗುಡ್ಡದ ಕಡೆಯಿಂದ ನೆಟ್ಟಗಿನ ಮರ ತಂದು ಹಾಯಿ ಕಟ್ಟುವ ಕೂವೆ ನಿಲ್ಲಿಸಿದರು. ಹೊಸಪೇಟೆಯ ಹತ್ತಿರ ಅಣೆಕಟ್ಟಿನ ಕೆಲಸ ಮುಗಿದು ಹಿನ್ನೀರು ಏರುವ ಸುದ್ದಿ ಬಂದ ವರ್ಷ, ದೋಣಿ ಮತ್ತೆ ಎರಡು ಚಕ್ಕಡಿಗಳ ಮೇಲೆ ಕೊರ್ಲಹಳ್ಳಿಗೆ ಹೋಯಿತು.

ಅನ್ನಪೂರ್ಣವ್ವ ಅದಕ್ಕೆ ಮೊದಲು ಮತ್ತೊಂದು ಸಲ ಅಡರಕಟ್ಟಿಗೆ ಹೋದಳು. "ಊರ ಮಂದಿ ಮುಂದ ಎಲ್ಲಾ ಹೇಳೀನಿ ಲಕ್ಷ್ಮಪ್ಪಾ. ಕಟ್ಟಿ ನಿಂದು. ಬಾ."

"ಕೇಳೀನ್ರಿ," ಅಂದ ಅವನು. "ನೀವು ಹೇಳಿದ್ರಿ, ಆತು. ನನ್ನ ಹೇಣತಿ ಹ್ವಾದ ವರ್ಷ ಇಲ್ಲೇ ಈ ರಸ್ತಿ ದಂಡ್ಯಾಗ ಸತ್ತಳು. ಮಂದಿ ಕೊಂದಾವನ ಹೇಣತಿ ಅಂತ ಅನಿಸ್ಕೊಂಡ ಸತ್ತಳು. ಅದನ್ನ ಯಾರು ರಿಪೇರಿ ಮಾಡತಾರ್ರಿ?"

ಅವಳು ತಲೆ ತಗ್ಗಿಸಿ ನಿಂತಳು. ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಬಹುಶಃ ಅದಕ್ಕೇ ಇರಬೇಕು, ನಾಲ್ಕು ದಿನಕ್ಕೆ ಅವನು ಕಟ್ಟೆಗೆ ಬಂದ. ದೋಣಿಯ ತಳವನ್ನು ಅಂಗೈಯಿಂದ ಸವರಿ ನೋಡಿದ. ಒಂದು ಸಂದಿಯಲ್ಲಿ ನಾರು ಸಾಲದೆಂದು ಮತ್ತೆ ಬಿಚ್ಚಿಸಿದ. ಆಮೇಲೆ ನೀರಿಗೆ ತಳ್ಳಿ ಅಂದ.

ಮೊದಲ ದಿನ ಯಾರೂ ಹತ್ತಲಿಲ್ಲ. ಸಂತೆಯ ಗಂಟು ಹೊತ್ತವರು ದಂಡೆಯಲ್ಲಿ ನಿಂತು ಹರಗೋಲಿಗೇ ಕಾದರು. ಗುಲಾಬಬಿ ಸೀರೆ ಮೇಲೆತ್ತಿ ನೀರಿಗಿಳಿದು, "ನಾ ಹೊಲದ ಹಾಯಿ ಹ್ಯಾಂಗ ಹಿಡಿತೈತಿ ನೋಡೂಣು," ಅಂತ ಹತ್ತಿ ಕುಳಿತಳು. ಅವಳ ಪಕ್ಕ ಅನ್ನಪೂರ್ಣವ್ವ. ಗಾಳಿ ಹಿಡಿದಾಗ ಹಾಯಿ ಪಟ್ಟನೆ ಬಿಗಿಯಿತು. ಅನ್ನಪೂರ್ಣವ್ವ ಆಚೆ ದಂಡೆ ಬರುವವರೆಗೂ ತಳದ ಹಲಗೆಯಿಂದ ಕಣ್ಣು ಕೀಳಲಿಲ್ಲ. ಅದು ಒಣಗಿಯೇ ಇತ್ತು. ಬರುವಾಗ ಮೂವರು ಹತ್ತಿದರು. ಮಳೆಗಾಲದ ಹೊತ್ತಿಗೆ ದೋಣಿ ತುಂಬಿಯೇ ಹೋಗುತ್ತಿತ್ತು. ಹತ್ತುವವರನ್ನು ತಡೆಯುವುದು ಅನ್ನಪೂರ್ಣವ್ವನ ಕೆಲಸವಾಯಿತು. ಇಷ್ಟೇ ಮಂದಿ ಅಂದರೆ ಇಷ್ಟೇ, ಅವಸರದವರು ಬೈದರೂ ಕೇಳುತ್ತಿರಲಿಲ್ಲ. ಅವಳು ಕಾಳಿನ ಅಡತಿಯನ್ನು ಭಾಗದವರಿಗೆ ಬಿಟ್ಟುಕೊಟ್ಟು ಕಟ್ಟೆಯ ಮೇಲೆಯೇ ಒಂದು ಗುಡಿಸಲು ಹಾಕಿಕೊಂಡಿದ್ದಳು.

ಐವತ್ತಾರರ ನವೆಂಬರಿನಲ್ಲಿ ಈ ದಂಡೆ ಆ ದಂಡೆ ಎರಡೂ ಒಂದೇ ರಾಜ್ಯವಾದವು. ಕಾಳಿನ ಚೀಲ ದಾಟಿಸುವಾಗ ಗಂಟು ಬಿಚ್ಚಿಸುತ್ತಿದ್ದ ನಾಕಾದವರು ಎದ್ದು ಹೋದರು. ಏಕೀಕರಣದ ಹುಮ್ಮಸ್ಸಿನಲ್ಲಿ ಮಂದಿ ದೋಣಿಗೆ ಮಾವಿನ ತೋರಣ ಕಟ್ಟಿ, ಡೊಳ್ಳು ಬಾರಿಸುತ್ತ ಆಚೆ ಈಚೆ ಓಡಾಡಿದರು.

ಲಕ್ಷ್ಮಪ್ಪ ಹನ್ನೆರಡು ವರ್ಷ ಚುಕ್ಕಾಣಿ ಹಿಡಿದ. ಅನ್ನಪೂರ್ಣವ್ವ ಕೊಟ್ಟ ರೊಟ್ಟಿ ಉಣ್ಣುತ್ತಿದ್ದ, ಕೆಲಸದ ಮಾತಷ್ಟೇ ಆಡುತ್ತಿದ್ದ. ನಡುಹೊಳೆಯಲ್ಲಿ ಒಂದು ಕಡೆ ಬಂದಾಗ, ಗಾಳಿ ನೆಟ್ಟಗಿದ್ದರೂ ಹಾಯಿ ಸಡಿಲಿಸಿ, ದೋಣಿಯನ್ನು ಬಳಸು ದಾರಿಯಲ್ಲಿ ಒಯ್ಯುತ್ತಿದ್ದ. ಸುಮ್ಮನೆ ಹೊತ್ತು ಕಳೀತಾನ ಅಂತ ಹೊಸಬರು ಗೊಣಗುತ್ತಿದ್ದರು. ಅನ್ನಪೂರ್ಣವ್ವ ದೋಣಿಯಲ್ಲಿದ್ದ ದಿನ, ಆ ಜಾಗ ದಾಟುವವರೆಗೆ ಇಬ್ಬರೂ ಹೊಳೆಯ ಬೇರೆ ಬೇರೆ ದಂಡೆಯ ಕಡೆ ಮುಖ ಮಾಡಿಕೊಂಡಿರುತ್ತಿದ್ದರು.